ಮಗಳು ಎಂಜಿನಿಯರಿಂಗ್ ಬಿಟ್ಟು ಭೌತಶಾಸ್ತ್ರವನ್ನೇ ಓದುತ್ತೇನೆ ಎನ್ನುತ್ತಿದ್ದಾಳೆ: ಐದು ವರ್ಷ ಓದಿದ ಮೇಲೆ ಕೈಗೆ ಬರುವುದೇನು?

ಪ್ರಶ್ನೆ: ಶಿರಸಿ ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ವರ್ಷ ಪಿಸಿಎಂಸಿ ಸಂಯೋಜನೆಯಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಸಿಇಟಿಯಲ್ಲಿ ಅವಳಿಗೆ ಬಂದಿರುವ ರ‍್ಯಾಂಕು ಹೇಳಿಕೊಳ್ಳುವಂಥದ್ದೂ ಅಲ್ಲ, ತೆಗೆದುಹಾಕುವಂಥದ್ದೂ ಅಲ್ಲ. ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಸೀಟು ಸಿಗಬಹುದೆಂದು ತಿಳಿದವರು ಹೇಳುತ್ತಿದ್ದಾರೆ. ಆದರೆ ತನಗೆ ಎಂಜಿನಿಯರಿಂಗ್ ಬೇಡ, ಬಿ.ಎಸ್ಸಿ.ಗೆ ಸೇರಿ ಭೌತಶಾಸ್ತ್ರ ಮತ್ತು ಗಣಿತವನ್ನು ಓದಿ, ಮುಂದೆ ಭೌತಶಾಸ್ತ್ರದಲ್ಲೇ ಎಂ.ಎಸ್ಸಿ. ಮಾಡುತ್ತೇನೆ ಎಂದು ಅವಳು ಹಟ ಹಿಡಿದಿದ್ದಾಳೆ. ಹಟ ಎಂದೆನಾದರೂ ಜಗಳವಾಡುವ ಹುಡುಗಿಯಲ್ಲ. ಊಟಕ್ಕೆ ಕುಳಿತಾಗ ಮೆಲ್ಲಗೆ ಅದೇ ಮಾತನ್ನು ಮತ್ತೆ ಎತ್ತುತ್ತಾಳೆ, ಅಷ್ಟೆ.

ನಾನು ಬಿ.ಕಾಂ. ಓದಿ, ಸಹಕಾರಿ ಸಂಘವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೆಕ್ಕಪತ್ರ ನೋಡುತ್ತಿರುವವನು. ಭೌತಶಾಸ್ತ್ರದ ಬಗ್ಗೆ ನನಗೆ ತಿಳಿದಿರುವುದು ಹತ್ತನೆಯ ತರಗತಿಯವರೆಗಿನದು ಮಾತ್ರ. ನಮ್ಮ ಬಂಧುಗಳಲ್ಲಿ ಬಿ.ಎಸ್ಸಿ. ಮಾಡಿದವರೆಲ್ಲ ಒಂದೋ ಬಿ.ಇಡಿ. ಮುಗಿಸಿ ಶಿಕ್ಷಕರಾದರು, ಇಲ್ಲವೇ ಬ್ಯಾಂಕ್ ಪರೀಕ್ಷೆ ಬರೆದರು. ಅವೆರಡೂ ಗೌರವದ ಕೆಲಸಗಳೇ, ಆದರೆ ಬ್ಯಾಂಕ್ ಪರೀಕ್ಷೆಗೆ ಭೌತಶಾಸ್ತ್ರವನ್ನೇ ಓದಬೇಕಿತ್ತೇ ಎಂಬ ಪ್ರಶ್ನೆ ನನ್ನಲ್ಲಿ ಉಳಿದಿದೆ.

ಆದ್ದರಿಂದ ಇಲ್ಲಿರುವ ಭೌತಶಾಸ್ತ್ರ ಓದಿದವರನ್ನು ಕೇಳುತ್ತಿದ್ದೇನೆ. ವಿಶ್ವವಿದ್ಯಾಲಯದ ಮಟ್ಟದಲ್ಲಿ ಈ ವಿಷಯವನ್ನು ಓದಿದ್ದರಿಂದ ನಿಮಗೆ ನಿಜವಾಗಿ ದಕ್ಕಿದ್ದೇನು? ಬೇರೆ ಪದವಿಯಿಂದ ಬಾರದ, ಇದರಿಂದಲೇ ಬಂದ ಒಂದಾದರೂ ಲಾಭವನ್ನು ಹೇಳಲು ಸಾಧ್ಯವೇ? ದಯವಿಟ್ಟು "ಆಸಕ್ತಿ ಇದ್ದರೆ ಓದಲಿ ಬಿಡಿ" ಎಂಬ ಉತ್ತರ ಬೇಡ. ಅವಳಿಗೆ ಆಸಕ್ತಿ ಇದೆ ಎಂಬುದು ನನಗೂ ಗೊತ್ತು. ನಾನು ಕೇಳುತ್ತಿರುವುದು ಖಾತೆಯ ಇನ್ನೊಂದು ಬದಿಯನ್ನು.

ಉತ್ತರ 1: ಹಳೆಯ ಲೋಲಕ

ನಮಸ್ಕಾರ. ನಾನು ಪದವಿ ಕಾಲೇಜುಗಳಲ್ಲಿ ಮೂವತ್ತಮೂರು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ತಾವು ಲೆಕ್ಕಪತ್ರದವರಾದ್ದರಿಂದ ತಮಗೆ ಹತ್ತಿರವಾಗುವ ಉದಾಹರಣೆಯಿಂದಲೇ ಆರಂಭಿಸುತ್ತೇನೆ.

ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಮೊದಲ ತಿಂಗಳುಗಳಲ್ಲಿ ಮಾಡಿಸುವ ಪ್ರಯೋಗಗಳಲ್ಲಿ ಲೋಲಕದಿಂದ, ಅಂದರೆ ದಾರಕ್ಕೆ ಕಟ್ಟಿ ತೂಗಾಡಿಸಿದ ಗುಂಡಿನಿಂದ, ಗುರುತ್ವ ವೇಗೋತ್ಕರ್ಷವನ್ನು (ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬುದನ್ನು) ಕಂಡುಹಿಡಿಯುವುದೂ ಒಂದು. ಪಿಯುಸಿ ಪಠ್ಯದಲ್ಲಿ ಓದಿದ 9.81 ಎಂಬ ಸಂಖ್ಯೆಯನ್ನು ತಲೆಯಲ್ಲಿಟ್ಟುಕೊಂಡೇ ಹುಡುಗರು ಬರುತ್ತಾರೆ. ಉತ್ತರ ಮೊದಲೇ ಗೊತ್ತಿರುವುದರಿಂದ ಅರ್ಧ ತರಗತಿ ಅಂಕಿಗಳನ್ನು ಅದಕ್ಕೆ ಹೊಂದಿಸಿ ಬರೆಯುತ್ತದೆ. ಇದಕ್ಕೆ ಅವರೇ ಇಟ್ಟ ಹೆಸರು "ರೀಡಿಂಗ್ ಕುಕ್ ಮಾಡುವುದು". ಆದರೆ 9.81 ಎಂಬುದು ಯೂರೋಪಿನ ಅಕ್ಷಾಂಶಗಳಿಗೆ ಒಪ್ಪುವ ಸಂಖ್ಯೆ. ಭೂಮಿ ತಿರುಗುತ್ತಿರುವುದರಿಂದಲೂ ನಡುವಿನಲ್ಲಿ ಸ್ವಲ್ಪ ಉಬ್ಬಿರುವುದರಿಂದಲೂ ಸಮಭಾಜಕದ ಕಡೆಗೆ ಬಂದಂತೆ ಅದು ಕಡಿಮೆಯಾಗುತ್ತದೆ. ನಮ್ಮ ಕರ್ನಾಟಕದಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲಿ ಅಳೆದರೂ 9.78ರ ಆಸುಪಾಸಿನಲ್ಲೇ ಬರಬೇಕು. ಹಾಗಾಗಿ ಯಾರಾದರೂ ಅಚ್ಚುಕಟ್ಟಾಗಿ 9.81 ಎಂದು ಬರೆದು ತಂದರೆ ಅವರು ಅಳೆದದ್ದಕ್ಕಿಂತ ಬರೆದದ್ದು ಹೆಚ್ಚು ಎಂಬ ಅನುಮಾನ ನನಗೆ ಆಗಲೇ ಹುಟ್ಟುತ್ತಿತ್ತು. ತಮ್ಮ ವೃತ್ತಿಯಲ್ಲಿ ತಾಳೆಯಾಗದ ಖಾತೆಗಿಂತ ಅತಿ ಸಲೀಸಾಗಿ ತಾಳೆಯಾಗುವ ಖಾತೆಯನ್ನು ಕಂಡಾಗ ಆಗುವ ಅನುಮಾನವೇ ಇದು ಎಂದುಕೊಂಡಿದ್ದೇನೆ.

ಇದಾದ ಮೇಲೆ ಬರುವುದು ನಿಜವಾದ ಪಾಠ. ನಿಲುಗಡಿಯಾರವನ್ನು ಒತ್ತುವ ಬೆರಳು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಆಚೀಚೆಯಾಗುತ್ತದೆ ಎಂದುಕೊಳ್ಳೋಣ. ಎರಡು ಸೆಕೆಂಡಿನ ಒಂದೇ ಒಂದು ಆಂದೋಲನವನ್ನು, ಅಂದರೆ ಲೋಲಕ ಒಮ್ಮೆ ಹೋಗಿ ಮರಳುವುದನ್ನು, ಅಳೆದರೆ ಕಾಲದಲ್ಲಿ ನೂರಕ್ಕೆ ಹತ್ತರಷ್ಟು ತಪ್ಪು. ಸೂತ್ರದಲ್ಲಿ (4π² × ಉದ್ದ ÷ ಕಾಲದ ವರ್ಗ) ಕಾಲದ ವರ್ಗ ಇರುವುದರಿಂದ ಉತ್ತರದಲ್ಲಿ ನೂರಕ್ಕೆ ಇಪ್ಪತ್ತು. ಅದೇ ಬೆರಳು, ಅದೇ ಗಡಿಯಾರ, ಆದರೆ ಇಪ್ಪತ್ತು ಆಂದೋಲನಗಳನ್ನು ಒಟ್ಟಿಗೆ ಅಳೆದು ಭಾಗಿಸಿದರೆ ಉತ್ತರದ ತಪ್ಪು ನೂರಕ್ಕೆ ಒಂದಕ್ಕೆ ಇಳಿಯುತ್ತದೆ. ಉಪಕರಣವನ್ನು ಬದಲಿಸದೆ, ಅಳೆಯುವ ಕ್ರಮವನ್ನು ಮಾತ್ರ ಬದಲಿಸಿ ನಂಬಿಕೆಯನ್ನು ಇಪ್ಪತ್ತು ಪಟ್ಟು ಹೆಚ್ಚಿಸಬಹುದು ಎಂಬುದು ಹದಿನೆಂಟು ವರ್ಷದ ಹುಡುಗಿಗೆ ತನ್ನ ಕೈಯಿಂದಲೇ ಗೊತ್ತಾಗುವ ಕ್ಷಣ ಅದು. ಆಮೇಲೆ ಅವಳು ಯಾವ ಸಂಖ್ಯೆಯನ್ನು ಕಂಡರೂ "ಇದು ಎಷ್ಟು ಆಚೀಚೆಯಾಗಬಹುದು, ಆ ಅನುಮಾನ ಎಲ್ಲಿಂದ ಹುಟ್ಟುತ್ತಿದೆ, ಯಾವುದನ್ನು ಸರಿಪಡಿಸಿದರೆ ಹೆಚ್ಚು ಲಾಭ" ಎಂದು ಕೇಳತೊಡಗುತ್ತಾಳೆ. ತಾವು ಕೇಳಿದ "ಇದರಿಂದಲೇ ಬಂದ ಒಂದು ಲಾಭ" ನನ್ನ ಮಟ್ಟಿಗೆ ಇದು. ಎಂಜಿನಿಯರಿಂಗ್‌ನಲ್ಲೂ ಅಳತೆ ಇದೆ, ಆದರೆ ಅಲ್ಲಿ ಸಾಮಾನ್ಯವಾಗಿ ಕೋಷ್ಟಕದಲ್ಲಿರುವ ಸಂಖ್ಯೆಯನ್ನು ಬಳಸಲು ಕಲಿಸುತ್ತಾರೆ; ಇಲ್ಲಿ ಆ ಕೋಷ್ಟಕ ಹೇಗೆ ಹುಟ್ಟಿತು ಎಂಬುದನ್ನು ಕಲಿಯಬೇಕಾಗುತ್ತದೆ. ಎಂಜಿನಿಯರ್ ಮಿತ್ರರು ಇದಕ್ಕೆ ಒಪ್ಪದಿರಬಹುದು. ನನ್ನ ತೂಕ ಒಂದು ಕಡೆ ವಾಲಿರುವುದನ್ನು ನಾನೂ ಬಲ್ಲೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಈ ಲಾಭ ಪ್ರಯೋಗಾಲಯ ನಡೆಯುವ ಕಾಲೇಜಿನಲ್ಲಿ ಮಾತ್ರ ಸಿಗುತ್ತದೆ. ಸ್ಪೆಕ್ಟ್ರೋಮೀಟರುಗಳು ಬೀರುವಿನಲ್ಲಿ ಬೀಗ ಹಾಕಿಕೊಂಡಿರುವ, ಸೋಡಿಯಂ ದೀಪ ಸುಟ್ಟುಹೋಗಿ ಎರಡು ವರ್ಷವಾಗಿರುವ, ಹಿಂದಿನ ವರ್ಷದ ರೆಕಾರ್ಡ್ ಪುಸ್ತಕವನ್ನು ನಕಲು ಮಾಡಿ ಸಹಿ ಪಡೆಯುವ ಕಾಲೇಜುಗಳನ್ನೂ ನಾನು ಬಾಹ್ಯ ಪರೀಕ್ಷಕನಾಗಿ ಕಂಡಿದ್ದೇನೆ. ಅಲ್ಲಿ ಓದಿದರೆ ಪದವಿ ಬರುತ್ತದೆ, ನಾನು ಹೇಳಿದ್ದು ಬರುವುದಿಲ್ಲ. ಪ್ರವೇಶ ಪಡೆಯುವ ಮುನ್ನ ಪ್ರಯೋಗಾಲಯವನ್ನು ಒಮ್ಮೆ ನೋಡಬೇಕೆಂದು ಕೇಳಿ. ತೋರಿಸಲು ಹಿಂಜರಿದರೆ ಅದೇ ಉತ್ತರ.

ಅಂದ ಹಾಗೆ, ಲೆಕ್ಕಪತ್ರಕ್ಕೂ ಭೌತಶಾಸ್ತ್ರಕ್ಕೂ ಹಳೆಯ ನಂಟಿದೆ. 1907ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಮುಗಿಸಿದ ಸಿ. ವಿ. ರಾಮನ್ ಅವರಿಗೆ ಅಂದು ಸಂಶೋಧನೆಯಿಂದ ಹೊಟ್ಟೆ ಹೊರೆಯುವ ದಾರಿ ಇರಲಿಲ್ಲ. ಅವರು ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಸೇರಿದರು. ಸುಮಾರು ಹತ್ತು ವರ್ಷ ಕಚೇರಿಗೆ ಹೋಗುವ ಮುನ್ನವೂ ಬಂದ ಮೇಲೂ ಪ್ರಯೋಗ ನಡೆಸಿ, 1917ರಲ್ಲಿ ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆಗೆ ಹೋದರು. ಅಂಥ ತ್ಯಾಗವನ್ನು ಯಾರೂ ಮಾಡಬೇಕೆಂದು ಹೇಳುತ್ತಿಲ್ಲ. ಇಂದು ಆ ಇಕ್ಕಟ್ಟು ಅಷ್ಟಿಲ್ಲ.

ಉತ್ತರ 2: ವಿಕಿರಣ ವಿಭಾಗ

ಮೇಷ್ಟ್ರು ಅನುಮಾನವನ್ನು ಅಳೆಯುವ ಬಗ್ಗೆ ಬರೆದಿದ್ದಾರೆ. ಅದನ್ನೇ ದಿನನಿತ್ಯ ಮಾಡಿ ಸಂಬಳ ಪಡೆಯುವ ಒಂದು ಕೆಲಸವಿದೆ, ಅದರ ಹೆಸರನ್ನು ಪೋಷಕರು ಕೇಳಿರುವುದೇ ಕಡಿಮೆ, ಆದ್ದರಿಂದ ಬರೆಯುತ್ತಿದ್ದೇನೆ. ನಾನು ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ವೈದ್ಯಕೀಯ ಭೌತವಿಜ್ಞಾನಿ. ರೋಗಿಗೆ ಎಷ್ಟು ವಿಕಿರಣ ಕೊಡಬೇಕೆಂದು ನಿರ್ಧರಿಸುವವರು ವೈದ್ಯರು. ಅವರು ಬರೆದಷ್ಟೇ ಪ್ರಮಾಣ, ಬರೆದ ಜಾಗಕ್ಕೇ, ಸುತ್ತಲಿನ ಆರೋಗ್ಯವಂತ ಅಂಗಕ್ಕೆ ಆದಷ್ಟು ಕಡಿಮೆ ತಾಕುವಂತೆ ಯಂತ್ರದಿಂದ ಹೊರಬರುತ್ತಿದೆಯೇ ಎಂಬುದಕ್ಕೆ ಹೊಣೆ ನಾವು.

ಒಂದು ಉದಾಹರಣೆ ಕೊಡುತ್ತೇನೆ. ಚಿಕಿತ್ಸೆ ನೀಡುವ ಲೀನಿಯರ್ ಆಕ್ಸಿಲರೇಟರ್ ಯಂತ್ರದ ವಿಕಿರಣವನ್ನು ನಾವು ನೀರಿನ ತೊಟ್ಟಿಯಲ್ಲಿ ಇಳಿಸಿದ ಅಯಾನ್ ಚೇಂಬರ್ ಎಂಬ ಪುಟ್ಟ ಉಪಕರಣದಿಂದ ಅಳೆಯುತ್ತೇವೆ. ಅದರೊಳಗೆ ಇರುವುದು ಒಂದಿಷ್ಟು ಗಾಳಿ. ವಿಕಿರಣ ಆ ಗಾಳಿಯಲ್ಲಿ ಹುಟ್ಟಿಸುವ ವಿದ್ಯುದಾವೇಶವೇ ನಮ್ಮ ಅಳತೆ. ಈ ಕೋಶ ಹೊರಗಿನ ಗಾಳಿಗೆ ತೆರೆದುಕೊಂಡಿರುತ್ತದೆ, ಅದರ ಪ್ರಮಾಣಪತ್ರವೋ ಸಮುದ್ರಮಟ್ಟದ ಒತ್ತಡಕ್ಕೆ, ಅಂದರೆ ಸುಮಾರು 1013 ಹೆಕ್ಟೊಪ್ಯಾಸ್ಕಲ್‌ಗೆ ಬರೆದದ್ದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 910ರ ಹತ್ತಿರ. ಗಾಳಿ ತೆಳುವಾದಷ್ಟೂ ಕೋಶದೊಳಗಿನ ಅಣುಗಳು ಕಡಿಮೆ, ಉಪಕರಣ ತೋರಿಸುವ ಅಂಕಿಯೂ ಕಡಿಮೆ. ತಾಪಮಾನ ಮತ್ತು ಒತ್ತಡಗಳ ತಿದ್ದುಪಡಿಯನ್ನು ಸೇರಿಸದೆ ಆ ಅಂಕಿಯನ್ನು ಹಾಗೆಯೇ ನಂಬಿದರೆ, ಯಂತ್ರ ನೂರಕ್ಕೆ ಹತ್ತನ್ನೂ ಮೀರಿ ಕಡಿಮೆ ಕೊಡುತ್ತಿದೆ ಎಂದು ತಪ್ಪಾಗಿ ತಿಳಿದು ನಾವು ಅದನ್ನು ಏರಿಸುತ್ತೇವೆ, ರೋಗಿಗೆ ಅಷ್ಟು ಹೆಚ್ಚು ವಿಕಿರಣ ಹೋಗುತ್ತದೆ. ರೋಗಿಗೆ ತಲುಪುವ ಪ್ರಮಾಣದಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು ಎಂಬ ಕ್ಷೇತ್ರದಲ್ಲಿ ಇದು ಚಿಕ್ಕ ತಪ್ಪಲ್ಲ. ಅದೇ ಉಪಕರಣವನ್ನು ಮಂಗಳೂರಿಗೆ ಒಯ್ದರೆ ಈ ತಿದ್ದುಪಡಿ ಬಹುತೇಕ ಮಾಯವಾಗುತ್ತದೆ. ಇಷ್ಟಕ್ಕೂ ಬೇಕಾದದ್ದು ಪಿಯುಸಿಯಲ್ಲಿ ಓದಿದ ಅನಿಲ ನಿಯಮ. ಸೂತ್ರ ಎಲ್ಲರಿಗೂ ಗೊತ್ತು. ಈಗ ಕಂಪ್ಯೂಟರೇ ಅದನ್ನು ಲೆಕ್ಕ ಹಾಕುತ್ತದೆ ಕೂಡ. ಆದರೆ ಕೋಣೆಯ ಒತ್ತಡಮಾಪಕ ಕೆಟ್ಟು ಅಸಂಬದ್ಧ ಅಂಕಿ ತೋರಿಸಿದ ದಿನ "ಈ ಊರಿನಲ್ಲಿ ಇಷ್ಟು ಒತ್ತಡ ಇರಲು ಸಾಧ್ಯವಿಲ್ಲ" ಎಂದು ಕೈ ನಿಲ್ಲಿಸುವವರು ಬೇಕಲ್ಲ, ಆ ತರಬೇತಿ ಭೌತಶಾಸ್ತ್ರದ್ದು.

ದಾರಿ ಹೀಗಿದೆ: ಬಿ.ಎಸ್ಸಿ., ಭೌತಶಾಸ್ತ್ರದಲ್ಲಿ ಎಂ.ಎಸ್ಸಿ., ಅದರ ಮೇಲೆ ವಿಕಿರಣ ಭೌತಶಾಸ್ತ್ರದಲ್ಲಿ ಡಿಪ್ಲೊಮಾ, ಬಳಿಕ ಆಸ್ಪತ್ರೆಯಲ್ಲಿ ತರಬೇತಿ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರ ನಡೆಸುವ ಡಿಪ್ಲೊಮಾ ಹಳೆಯದು, ಹೆಸರಾದದ್ದು. ವೈದ್ಯಕೀಯ ಭೌತಶಾಸ್ತ್ರದಲ್ಲೇ ನೇರವಾಗಿ ಎಂ.ಎಸ್ಸಿ. ಕೊಡುವ ಸಂಸ್ಥೆಗಳೂ ಇವೆ, ಮಣಿಪಾಲದಲ್ಲಿದೆ. ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಅರ್ಹ ವೈದ್ಯಕೀಯ ಭೌತವಿಜ್ಞಾನಿ ಇಲ್ಲದೆ ರೇಡಿಯೊಥೆರಪಿ ವಿಭಾಗವನ್ನು ನಡೆಸುವಂತಿಲ್ಲ. ಹಾಗಾಗಿ ಯಂತ್ರ ಬಂದಲ್ಲೆಲ್ಲ ಈ ಹುದ್ದೆ ಬರುತ್ತದೆ. ಎಂಜಿನಿಯರಿಂಗ್ ಪದವೀಧರರು ಈ ಹುದ್ದೆಗೆ ಬರುವ ದಾರಿ ಇಲ್ಲ ಎಂಬುದನ್ನು ತಮ್ಮ ಖಾತೆಯ ಜಮಾ ಬದಿಯಲ್ಲಿ ಬರೆದುಕೊಳ್ಳಬಹುದು. ಖರ್ಚಿನ ಬದಿಯಲ್ಲಿ ಬರೆಯಬೇಕಾದದ್ದು: ಪಿಯುಸಿಯಿಂದ ಎಣಿಸಿದರೆ ಏಳು ವರ್ಷ.

ಉತ್ತರ 3: ಜಯನಗರ ನಾಲ್ಕನೇ ಬ್ಲಾಕ್

ನಾನು ಸ್ವಲ್ಪ ಬೇರೆ ದನಿಯಲ್ಲಿ ಬರೆಯುತ್ತೇನೆ, ಬೇಸರಿಸಬೇಡಿ. ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಮಾಡಿ, ಪಿಎಚ್.ಡಿ.ಗೆ ಹೋಗದೆ, ಈಗ ಬೆಂಗಳೂರಿನಲ್ಲಿ ವಿಮಾ ಕಂಪನಿಗಳಿಗಾಗಿ ನಷ್ಟದ ಅಂದಾಜು ಮಾಡುವ ತಂತ್ರಾಂಶ ಬರೆಯುತ್ತಿದ್ದೇನೆ. ಸಂಬಳ ಚೆನ್ನಾಗಿದೆ. ಆದರೆ ಎಂ.ಎಸ್ಸಿ. ಮುಗಿದ ದಿನದಿಂದ ಈ ಕೆಲಸಕ್ಕೆ ಸೇರುವ ದಿನದವರೆಗೆ ಸುಮಾರು ಎರಡು ವರ್ಷ ಕಳೆದವು. ಆ ಎರಡು ವರ್ಷಗಳ ಬಗ್ಗೆ ಭೌತಶಾಸ್ತ್ರವನ್ನು ಹೊಗಳುವವರು ಯಾರೂ ಬರೆಯುವುದಿಲ್ಲ.

ಎಂಜಿನಿಯರಿಂಗ್ ಕಾಲೇಜಿಗೆ ಕಂಪನಿಗಳು ತಾವಾಗಿಯೇ ಬರುತ್ತವೆ. ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಯಾರೂ ಬರಲಿಲ್ಲ, ನಾವೇ ಬಾಗಿಲು ತಟ್ಟಬೇಕಿತ್ತು, ತಟ್ಟಿದಾಗ "ಬಿ.ಇ. ಅಲ್ಲವೇ?" ಎಂಬ ಪ್ರಶ್ನೆಗೆ ಉತ್ತರಿಸಬೇಕಿತ್ತು. ಗಣಕ ಪ್ರಯೋಗಾಲಯ ಎಂಬುದು ನಮ್ಮಲ್ಲಿ ವೇಳಾಪಟ್ಟಿಯ ಮೇಲಿನ ಹೆಸರಾಗಿತ್ತು. ಪೈಥಾನ್ ಭಾಷೆಯನ್ನು ನಾನು ಕಲಿತದ್ದು ಹಾಸ್ಟೆಲಿನ ಕೋಣೆಯಲ್ಲಿ.

ಇಷ್ಟು ದೂರಿದ ಮೇಲೂ, ಕೆಲಸಕ್ಕೆ ಸೇರಿದ ನಂತರದ ವಿಷಯವನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಎಂ.ಎಸ್ಸಿ.ಯಲ್ಲಿ ಅಯಸ್ಕಾಂತದ ಒಂದು ಸರಳ ಮಾದರಿಯನ್ನು ಓದಿದ್ದೆ. ಚದುರಂಗದ ಮಣೆಯಂಥ ಜಾಲದ ಪ್ರತಿ ಮನೆಯಲ್ಲೂ ಮೇಲಕ್ಕೋ ಕೆಳಕ್ಕೋ ಮುಖ ಮಾಡಿದ ಪುಟ್ಟ ಅಯಸ್ಕಾಂತ. ಪ್ರತಿಯೊಂದೂ ನೆರೆಯವು ಮುಖ ಮಾಡಿದ ದಿಕ್ಕಿಗೇ ತಿರುಗಲು ಬಯಸುತ್ತದೆ, ಶಾಖ ಅದನ್ನು ಕೆಡಿಸುತ್ತದೆ. ಲೆಕ್ಕವನ್ನು ಕಾಗದದ ಮೇಲೆ ಬಿಡಿಸುವುದು ಕಷ್ಟವಾದಾಗ ಯಾದೃಚ್ಛಿಕ ಸಂಖ್ಯೆಗಳನ್ನು ಎಸೆದು ಸಾವಿರಾರು ಸಾಧ್ಯತೆಗಳನ್ನು ಕಂಪ್ಯೂಟರಿನಲ್ಲಿ ನಡೆಸಿ ಸರಾಸರಿ ತೆಗೆಯುತ್ತೇವೆ. ಇದಕ್ಕೆ ಮಾಂಟೆ ಕಾರ್ಲೊ ವಿಧಾನ ಎಂದು ಹೆಸರು, 1940ರ ದಶಕದಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ನ್ಯೂಟ್ರಾನುಗಳ ಲೆಕ್ಕಕ್ಕಾಗಿ ರೂಪುಗೊಂಡದ್ದು. ಈಗ ನನ್ನ ಮೇಜಿನ ಮೇಲೆ ಅಯಸ್ಕಾಂತಗಳ ಬದಲು ಮಳೆ ಇದೆ. ಹತ್ತು ಸಾವಿರ ಕಾಲ್ಪನಿಕ ಮುಂಗಾರುಗಳನ್ನು ನಡೆಸಿ, ಎಷ್ಟು ವರ್ಷಗಳಲ್ಲಿ ಹೊಳೆ ಉಕ್ಕಿತು ಎಂದು ಎಣಿಸುವುದು ಅದೇ ಕೆಲಸ. ಜೊತೆಯ ಎಂಜಿನಿಯರುಗಳು ನನಗಿಂತ ಚೆನ್ನಾಗಿ ಕೋಡ್ ಬರೆಯುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದ ಉತ್ತರ ಅಸಾಧ್ಯವೆಂದು ಮೊದಲು ಕಂಡುಹಿಡಿಯುವವನು ಸಾಮಾನ್ಯವಾಗಿ ನಾನು. ಮಿತಿಯ ಸಂದರ್ಭಗಳನ್ನು ನೋಡುವುದು, ಅಂದರೆ ಮಳೆಯೇ ಇಲ್ಲದಿದ್ದರೆ ಈ ಸೂತ್ರ ಏನು ಹೇಳುತ್ತದೆ, ಅತಿಯಾದರೆ ಏನು ಹೇಳುತ್ತದೆ ಎಂದು ಮೊದಲೇ ಕೇಳುವುದು, ನಮ್ಮ ಕ್ವಾಂಟಂ ಮೇಷ್ಟ್ರು ಬೈದು ಬೈದು ಕಲಿಸಿದ ಅಭ್ಯಾಸ.

ಈಗ ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆಯಲ್ಲೂ ಇದೇ ಅಯಸ್ಕಾಂತದ ಛಾಯೆ ಇದೆ. ಜಾನ್ ಹಾಪ್‌ಫೀಲ್ಡ್ ಅವರು 1982ರಲ್ಲಿ ನೆನಪಿನ ಜಾಲವನ್ನು ಕಟ್ಟಿದ್ದು ಇಂಥ ಅಯಸ್ಕಾಂತಗಳ ಭೌತಶಾಸ್ತ್ರವನ್ನು ಎರವಲು ಪಡೆದು. 2024ರ ಭೌತಶಾಸ್ತ್ರ ನೊಬೆಲ್ ಅವರಿಗೂ ಜೆಫ್ರಿ ಹಿಂಟನ್ ಅವರಿಗೂ ಬಂತು. ಇದನ್ನು ತೋರಿಸಿ ಮಗಳಿಗೆ ಕೆಲಸ ಸಿಗುತ್ತದೆ ಎನ್ನುತ್ತಿಲ್ಲ. ಸಂಬಂಧವಿಲ್ಲದಂತೆ ಕಾಣುವ ಎರಡು ವಿಷಯಗಳ ತಳದಲ್ಲಿ ಒಂದೇ ಗಣಿತ ಇರುವುದನ್ನು ಗುರುತಿಸುವ ಕಣ್ಣು ಈ ಓದಿನಿಂದ ಬರುತ್ತದೆ ಎನ್ನುತ್ತಿದ್ದೇನೆ.

ಆದ್ದರಿಂದ ನನ್ನ ಸಲಹೆ: ಮೂರು ವರ್ಷದ ಬಿ.ಎಸ್ಸಿ.ಗೆ ನಿಲ್ಲುವ ಯೋಚನೆ ಇದ್ದರೆ ಎಂಜಿನಿಯರಿಂಗ್‌ಗೆ ಕಳುಹಿಸಿ. ಭೌತಶಾಸ್ತ್ರದ ಫಲ ಐದನೆಯ ವರ್ಷಕ್ಕೆ ಮುಂಚೆ ಕೈಗೆ ಬರುವುದಿಲ್ಲ, ತಮ್ಮ ಕಡೆಯ ಅಡಿಕೆ ತೋಟದ ಹಾಗೆ.

ಉತ್ತರ 4: ಕಡೂರಿನ ಹುಡುಗಿ

ಸರ್, ನಾನು ಈಗ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೇನೆ. ತಂಗಿಗೆ ಉಪಯೋಗವಾಗಬಹುದಾದ ಕೆಲವು ಮಾತುಗಳನ್ನು ಬರೆಯುತ್ತೇನೆ. ಮೇಲಿನವರು ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ.

ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬಿ.ಎಸ್ಸಿ. ಮೊದಲ ಸೆಮಿಸ್ಟರಿನಲ್ಲಿ ಪಾಠ ಅರ್ಥವಾಗದಿದ್ದಾಗ ತಪ್ಪು ನನ್ನ ಇಂಗ್ಲಿಷಿನದೋ ನನ್ನ ಭೌತಶಾಸ್ತ್ರದ್ದೋ ಎಂಬುದೇ ತಿಳಿಯುತ್ತಿರಲಿಲ್ಲ. ಮನೆಗೆ ಬಂದು ಅಂದಿನ ಪಾಠವನ್ನು ಕನ್ನಡದಲ್ಲಿ ನನಗೆ ನಾನೇ ಹೇಳಿಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಕನ್ನಡದಲ್ಲಿ ಹೇಳಲು ಬಾರದಿದ್ದ ಕಡೆಯಲ್ಲೆಲ್ಲ ನಿಜವಾಗಿ ಅರ್ಥವೇ ಆಗಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಇದು ನನಗೆ ಬಂದ, ನಾನು ನಿರೀಕ್ಷಿಸದಿದ್ದ ಲಾಭ.

ಎರಡನೆಯದು, ಕಾಲೇಜಿನ ಆಚೆ ಸಿಗುವ ಕಲಿಕೆ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗಾಗಿ ವಾರಾಂತ್ಯದಲ್ಲಿ ಭೌತಶಾಸ್ತ್ರದ ತರಗತಿಗಳು ನಡೆಯುತ್ತವೆ, ರೀಪ್ ಎಂದು ಅದರ ಹೆಸರು. ಪರೀಕ್ಷೆಗೆ ಬರುವ ಪ್ರಶ್ನೆ ಯಾವುದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಆ ತಾರಾಲಯದ ಸ್ಥಾಪಕ ನಿರ್ದೇಶಕರಾಗಿದ್ದ ಸಿ. ವಿ. ವಿಶ್ವೇಶ್ವರ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು. ಕೆಣಕಿದ ಕಪ್ಪುಕುಳಿ ಹೊಡೆದ ಗಂಟೆಯ ಹಾಗೆ ಮಿಡಿದು ಬೇಗನೆ ಅಡಗುತ್ತದೆ ಎಂದು ಅವರು 1970ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ಮೊದಲ ಬಾರಿಗೆ, ಎರಡು ಕಪ್ಪುಕುಳಿಗಳು ಸೇರಿ ಒಂದಾದಾಗ ಹೊಮ್ಮಿದ ಗುರುತ್ವ ಅಲೆಯನ್ನು ಹಿಡಿದಾಗ ಆ ಸಂಕೇತದ ಕೊನೆಯಲ್ಲಿ ಕಂಡದ್ದು ಅದೇ ಬಗೆಯ ಅಡಗುವ ಮೊಳಗು. ನಲವತ್ತೈದು ವರ್ಷ! ಇದು ಲಾಭವೇ ಎಂದು ತಾವು ಕೇಳಬಹುದು. ಖಾತೆಯಲ್ಲಿ ಎಲ್ಲಿ ಬರೆಯಬೇಕೋ ನನಗೂ ತಿಳಿಯದು, ಆದರೆ ಅಂದು ಆ ಪಾಠ ಕೇಳಿ ಬಸ್ಸಿನಲ್ಲಿ ವಾಪಸು ಬರುವಾಗ ಇಳಿಯಬೇಕಾದ ನಿಲ್ದಾಣವನ್ನು ದಾಟಿಹೋಗಿದ್ದೆ.

ಮೂರನೆಯದು, ನಮ್ಮ ರಾಜ್ಯದಲ್ಲಿ ಓದುವವರಿಗೆ ಇರುವ ಅನುಕೂಲ. ಸೂರ್ಯನನ್ನು ಅಧ್ಯಯನ ಮಾಡಲು 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆಯ ಕರೋನಾಗ್ರಾಫ್ ಉಪಕರಣವನ್ನು (ಸೂರ್ಯನ ಬಿಂಬವನ್ನು ಮರೆಮಾಡಿ ಸುತ್ತಲಿನ ಪ್ರಭೆಯನ್ನು ನೋಡುವಂಥದ್ದು) ಭಾರತೀಯ ಖಭೌತ ಸಂಸ್ಥೆ ತನ್ನ ಹೊಸಕೋಟೆಯ ಆವರಣದಲ್ಲಿ ಕಟ್ಟಿತು. 2024ರ ಜನವರಿ 1ರಂದು ಹಾರಿದ, ಆಕಾಶಕಾಯಗಳ ಎಕ್ಸ್-ಕಿರಣಗಳನ್ನು ಅಧ್ಯಯನ ಮಾಡುವ ಎಕ್ಸ್‌ಪೋಸ್ಯಾಟ್ ಉಪಗ್ರಹದ ಪೋಲಿಕ್ಸ್ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ವಿಜ್ಞಾನ ಅಕಾಡೆಮಿಗಳು ಕೊಡುವ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿದರೆ, ಇಂಥ ಸಂಸ್ಥೆಗಳ ವಿಜ್ಞಾನಿಗಳ ಜೊತೆ ಎರಡು ತಿಂಗಳು ಕೆಲಸ ಮಾಡುವ ಅವಕಾಶ ಸಿಗಬಹುದು. ನನಗೆ ಎರಡನೆಯ ಪ್ರಯತ್ನದಲ್ಲಿ ಸಿಕ್ಕಿತು.

ಜಯನಗರದ ಸರ್ ಬರೆದ ಐದು ವರ್ಷದ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಆ ಐದೂ ವರ್ಷ ಒಂದೇ ಕಡೆ ಕಳೆಯಬೇಕಿಲ್ಲ. ಬಿ.ಎಸ್ಸಿ. ಊರಿಗೆ ಹತ್ತಿರದ ಒಳ್ಳೆಯ ಕಾಲೇಜಿನಲ್ಲಿ ಮಾಡಿ, ಮೂರನೆಯ ವರ್ಷದಲ್ಲಿ ಜಾಮ್ ಪರೀಕ್ಷೆ ಬರೆದರೆ ಐಐಟಿಗಳ ಎಂ.ಎಸ್ಸಿ.ಗೋ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೋ (ಬಿ.ಎಸ್ಸಿ. ಆದ ಮೇಲೆ ನೇರವಾಗಿ ಸೇರುವಂಥದ್ದು) ಹೋಗುವ ದಾರಿ ತೆರೆಯುತ್ತದೆ. ಎಂ.ಎಸ್ಸಿ. ಆದ ಮೇಲೆ ನೆಟ್ ಅಥವಾ ಕೆಸೆಟ್ ಪಾಸಾದರೆ ಪದವಿ ಕಾಲೇಜಿನಲ್ಲಿ ಕಲಿಸುವ ಅರ್ಹತೆ. ಗೇಟ್ ಪರೀಕ್ಷೆ ಬರೆದರೆ ರಕ್ಷಣಾ ಸಂಶೋಧನೆಯ ಸಂಸ್ಥೆಯಾದ ಡಿಆರ್‌ಡಿಒದ ವಿಜ್ಞಾನಿ ಹುದ್ದೆಗಳಿಗೆ ಅರ್ಜಿ ಹಾಕಬಹುದು. ಭಾಭಾ ಕೇಂದ್ರದ ತರಬೇತಿ ಶಾಲೆಯೂ ಭೌತಶಾಸ್ತ್ರದವರನ್ನು ತೆಗೆದುಕೊಳ್ಳುತ್ತದೆ. ನನ್ನ ತರಗತಿಯ ಎಲ್ಲರೂ ಇವುಗಳಲ್ಲಿ ಯಾವುದನ್ನಾದರೂ ಪಡೆದೇ ಪಡೆಯುತ್ತಾರೆ ಎಂದು ಹೇಳಲಾರೆ. ಗಣಿತವನ್ನು ಕಂಡರೆ ಹಿಂದೆ ಸರಿಯುವವರು ಎರಡನೆಯ ವರ್ಷದಲ್ಲೇ ಸೋತುಹೋಗುತ್ತಾರೆ. ತಂಗಿಗೆ ಕ್ಯಾಲ್ಕುಲಸ್ ಇಷ್ಟವೇ ಎಂದು ಮೊದಲು ಕೇಳಿ. ಕಪ್ಪುಕುಳಿಯ ವಿಡಿಯೋ ಇಷ್ಟ ಎಂಬುದು ಸಾಲದು.

ಪ್ರಶ್ನೆ ಕೇಳಿದವರ ಮರುಬರಹ: ಶಿರಸಿ ಲೆಕ್ಕಿಗ

ಇಷ್ಟು ಸಮಯ ಕೊಟ್ಟು ಬರೆದ ನಾಲ್ವರಿಗೂ ಕೃತಜ್ಞತೆಗಳು. ಎಲ್ಲವನ್ನೂ ಮಗಳಿಗೆ ಓದಲು ಕೊಟ್ಟೆ. ಕ್ಯಾಲ್ಕುಲಸ್ ಬಗ್ಗೆ ಕೇಳಿದ್ದಕ್ಕೆ ಅವಳು ನಕ್ಕಳು. ಅದನ್ನು ಒಳ್ಳೆಯ ಲಕ್ಷಣವೆಂದೇ ತಿಳಿದಿದ್ದೇನೆ. ಸಿಇಟಿಯ ಆಯ್ಕೆಗಳನ್ನೂ ತುಂಬಿದ್ದೇವೆ, ಎರಡು ಪದವಿ ಕಾಲೇಜುಗಳ ಅರ್ಜಿಯನ್ನೂ ತಂದಿದ್ದೇವೆ. ಒಂದು ಕಾಲೇಜಿನಲ್ಲಿ ಪ್ರಯೋಗಾಲಯ ತೋರಿಸಿ ಎಂದಾಗ "ಬೀಗದಕೈ ಇರುವವರು ರಜೆಯಲ್ಲಿದ್ದಾರೆ" ಎಂದರು. ಇನ್ನೊಂದಕ್ಕೆ ಸೋಮವಾರ ಹೋಗುತ್ತೇವೆ.

ಈ ನಡುವೆ ಒಂದು ಸಂಗತಿ ನಡೆಯಿತು. ಲೋಲಕದ ಮಾತು ಓದಿದ ಸಂಜೆ ಅವಳು ಅಟ್ಟದ ತೊಲೆಗೆ ದಾರ ಕಟ್ಟಿ, ನಮ್ಮ ಹಳೆಯ ಕೊಟ್ಟಿಗೆಯ ಹಿತ್ತಾಳೆ ಬೀಗವನ್ನು ತೂಗುಬಿಟ್ಟಳು. ದಾರದ ಉದ್ದ ಸರಿಯಾಗಿ ಒಂದೂವರೆ ಮೀಟರ್. ಮೊಬೈಲಿನಲ್ಲಿ ಇಪ್ಪತ್ತು ಆಂದೋಲನಗಳ ಕಾಲ ಅಳೆದಳು, ಐದು ಸಲ, ಸರಾಸರಿ 49.7 ಸೆಕೆಂಡು. ಲೆಕ್ಕ ಹಾಕಿದರೆ 9.59 ಬರುತ್ತಿದೆ. ಮೇಷ್ಟ್ರು ಹೇಳಿದ 9.78 ಬರುತ್ತಿಲ್ಲ. ಐದು ಸಲವೂ ಹೆಚ್ಚುಕಡಿಮೆ ಅದೇ ಕಾಲ ಬಂದಿರುವುದರಿಂದ ಬೆರಳಿನ ತಪ್ಪಲ್ಲ ಎಂದು ಅವಳ ವಾದ. ರಾತ್ರಿ ಹನ್ನೊಂದರವರೆಗೆ ಇಬ್ಬರೂ ಆ ತೊಲೆಯ ಕೆಳಗೇ ಕುಳಿತಿದ್ದೆವು. ಲೆಕ್ಕದಲ್ಲಿ ಎರಡು ಪೈಸೆ ವ್ಯತ್ಯಾಸ ಬಂದರೆ ಹುಡುಕುವವರೆಗೆ ನನಗೂ ನಿದ್ದೆ ಬರುವುದಿಲ್ಲ. ತಪ್ಪು ಎಲ್ಲಿದೆ?

ಉತ್ತರ 5: ಹಳೆಯ ಲೋಲಕ

ಬಹಳ ಸಂತೋಷವಾಯಿತು. 9.59 ಎಂದು ಬಂದದ್ದನ್ನು 9.59 ಎಂದೇ ಬರೆದಿದ್ದಾಳಲ್ಲ, ಮೊದಲು ಅದಕ್ಕೆ ನನ್ನ ಶಹಭಾಸ್ ತಿಳಿಸಿ. ಬೆರಳಿನ ತಪ್ಪಾಗಿದ್ದರೆ ಐದು ಸಲ ಐದು ಬಗೆಯಾಗಿ ಬರಬೇಕಿತ್ತು ಎಂಬ ಅವಳ ವಾದ ಸರಿಯಾಗಿದೆ. ಪ್ರತಿ ಸಲವೂ ಒಂದೇ ಕಡೆಗೆ ಎಳೆಯುವ ತಪ್ಪು ಬೇರೆ ಜಾತಿಯದು, ಎಷ್ಟು ಸಲ ಅಳೆದರೂ ಅದು ಹೋಗುವುದಿಲ್ಲ.

ತಮಗೆ ಮಾತ್ರ ಹೇಳುತ್ತೇನೆ: ಉದ್ದವನ್ನು ದಾರದ ತುದಿಯವರೆಗೆ ಅಳೆದಿದ್ದಾಳೆ, ಆದರೆ ತೂಗುತ್ತಿರುವುದು ಬೀಗ. ಬೀಗದ ತೂಕವೆಲ್ಲ ಅದರ ಹೊಟ್ಟೆಯಲ್ಲಿದೆ, ಕೊಂಡಿಯಿಂದ ಸುಮಾರು ಮೂರು ಸೆಂಟಿಮೀಟರ್ ಕೆಳಗೆ ಇರಬೇಕು. 1.50ರ ಬದಲು 1.53 ಹಾಕಿ ನೋಡಿ, 9.78 ಬರುತ್ತದೆ. ಆದರೆ ಇದನ್ನು ಅವಳಿಗೆ ಹೇಳಬೇಡಿ. ಹೇಳಿದರೆ ಉತ್ತರಕ್ಕೆ ಹೊಂದುವಂತೆ ಮೂರು ಸೆಂಟಿಮೀಟರ್ ಸೇರಿಸಿದಂತಾಗುತ್ತದೆ, ಅದೂ ಒಂದು ಬಗೆಯ ಕುಕ್ ಮಾಡುವುದೇ.

ಬದಲಿಗೆ ಹೀಗೆ ಮಾಡಲು ಹೇಳಿ. ದಾರವನ್ನು 60 ಸೆಂಟಿಮೀಟರಿನಿಂದ 150ರವರೆಗೆ ಆರು ಬೇರೆ ಬೇರೆ ಉದ್ದಗಳಿಗೆ ಕಟ್ಟಿ, ಪ್ರತಿ ಸಲವೂ ಇಪ್ಪತ್ತು ಆಂದೋಲನಗಳನ್ನು ಅಳೆಯಲಿ. ಗ್ರಾಫ್ ಹಾಳೆಯಲ್ಲಿ ದಾರದ ಉದ್ದವನ್ನು ಅಡ್ಡಕ್ಕೂ, ಒಂದು ಆಂದೋಲನದ ಕಾಲದ ವರ್ಗವನ್ನು ಲಂಬಕ್ಕೂ ಗುರುತಿಸಲಿ. ಆರು ಚುಕ್ಕೆಗಳೂ ಒಂದು ಸರಳರೇಖೆಯ ಮೇಲೆ ಬರುತ್ತವೆ. ಆ ರೇಖೆಯ ಓರೆಯಿಂದ ಲೆಕ್ಕ ಹಾಕಿದರೆ ಬೀಗದ ಹೊಟ್ಟೆ ಎಲ್ಲಿದ್ದರೂ ಗುರುತ್ವದ ಬೆಲೆ ಸರಿಯಾಗಿಯೇ ಸಿಗುತ್ತದೆ. ಆಮೇಲೆ ರೇಖೆಯನ್ನು ಹಿಂದಕ್ಕೆ ಎಳೆಯಲಿ. ಅದು ಸೊನ್ನೆಯನ್ನು ಮುಟ್ಟದೆ ಅಡ್ಡ ಅಕ್ಷವನ್ನು ಸೊನ್ನೆಯ ಎಡಕ್ಕೆ ದಾಟುತ್ತದೆ. ಎಷ್ಟು ಎಡಕ್ಕೆ, ಏಕೆ ಎಂದು ಅವಳೇ ತಮಗೆ ಬಂದು ಹೇಳಲಿ. ಸೋಮವಾರ ಕಾಲೇಜಿಗೆ ಹೋಗುವಾಗ ಆ ಗ್ರಾಫನ್ನು ಜೊತೆಗೆ ಒಯ್ಯಿರಿ. ಪ್ರಯೋಗಾಲಯ ತೋರಿಸುವ ಅಧ್ಯಾಪಕರು ಅದನ್ನು ಕೈಗೆ ತೆಗೆದುಕೊಂಡು ನೋಡುತ್ತಾರೋ ಇಲ್ಲವೋ ಎಂಬುದನ್ನು ಗಮನಿಸಿ.